ಡಿಕ್ಯೂ ಏಳು

ಬೆಳಗ್ಗೆ ಏಳಕ್ಕೆ ಗೋಡೆಲಿವ ಊದುತ್ತಾಳೆ.
ಅಂಗೈಯಗಲದ ಯಂತ್ರ, ರಟ್ಟಿನ ಕೊಳವೆ.
ನಾನು ಪೆನ್ಸಿಲ್ ಹಿಡಿದು ಕೂತಿರುತ್ತೇನೆ.
ಮೊನ್ನೆ ಎರಡು ಪಾಯಿಂಟ್ ಒಂದು,
ನಿನ್ನೆ ಎರಡು,
ಇವತ್ತು ಒಂದು ಪಾಯಿಂಟ್ ಎಂಟು.
ಪುಸ್ತಕ ಹಳೆಯದು. ಮೊದಲ ಹಾಳೆಗಳಲ್ಲಿ
ನನ್ನ ಪಾರಿವಾಳಗಳು ಮನೆ ಮುಟ್ಟಿದ ವೇಳೆ:
ಬೂರ್ಜ್‌ನಿಂದ ಆರು ಗಂಟೆ ಹನ್ನೊಂದು ನಿಮಿಷ,
ಬಾರ್ಸೆಲೋನಾದಿಂದ ಎರಡನೆಯ ದಿನ, ಮಧ್ಯಾಹ್ನ.
ಆಗಲೂ ಹೀಗೇ ಕೂತಿರುತ್ತಿದ್ದೆ,
ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು.

ಅವಳ ಎದೆ ಕೆಟ್ಟದ್ದೇ ಆ ಹಕ್ಕಿಗಳಿಂದ.
ಒಣಗಿದ ಹಿಕ್ಕೆ, ರೆಕ್ಕೆಯ ಬಿಳಿ ಧೂಳು.
ಗೂಡು ಬಳಿಯುತ್ತಿದ್ದವಳು ಅವಳು,
ಟೀಲ್ಟ್ ಪೇಟೆಯಿಂದ ಬಹುಮಾನದ ಬಟ್ಟಲು ತರುತ್ತಿದ್ದವನು ನಾನು.
ಗೊತ್ತಾದ ವಾರವೇ ಅಷ್ಟನ್ನೂ ಮಾರಿದೆ,
ಗೂಡು ಕಿತ್ತು ಹಲಗೆ ಸುಟ್ಟೆ.
ತಡವಾಗಿತ್ತು.

ಹೋದ ವರ್ಷ ಮಾರ್ಚಿನಲ್ಲಿ, ರಾತ್ರಿ ಎರಡಕ್ಕೆ ಫೋನು.
ಲೂವೆನ್‌ಗೆ ನೂರು ಕಿಲೋಮೀಟರು, ದಾರಿಯುದ್ದ ಮಂಜು.
ಯಾರೋ ಸತ್ತಿದ್ದರು. ಯಾರೆಂದು ಹೇಳುವುದಿಲ್ಲ.
ಅವರ ಎರಡು ಶ್ವಾಸಕೋಶ ಇವಳಲ್ಲಿ ಉಬ್ಬಿದವು.
ಜೂನಿನಲ್ಲಿ ಮೆಟ್ಟಿಲು ಹತ್ತಿದಳು, ಆಗಸ್ಟಿನಲ್ಲಿ ಸೈಕಲ್ಲು.
ಮಾತಿನ ನಡುವೆ ಉಸಿರಿಗೆ ನಿಲ್ಲುವುದನ್ನು ಮರೆತಳು;
ಎಷ್ಟು ಮಾತಾಡುತ್ತಾಳಪ್ಪ ಅಂದುಕೊಂಡೆ.

ಪ್ರತಿಕಾಯ, ಎಂದರು ಡಾಕ್ಟರ್ ಅನ್ನೆಲೀನ್.
ದಾನಿಯ ಕಣಗಳ ಮೇಲೊಂದು ಗುರುತು, ಡಿಕ್ಯೂ ಏಳು.
ನಿಮ್ಮ ನೆತ್ತರು ಅದನ್ನೇ ಹುಡುಕಿ ಅಂಟುತ್ತಿದೆ.
ಮೊದಲು ಮೂರು ಸಾವಿರ, ಈಗ ಹನ್ನೊಂದು.
ಕೆಲವರಲ್ಲಿ ಬಂದು ಹೋಗುತ್ತದೆ,
ಕೆಲವರಲ್ಲಿ ಬಂದದ್ದು ಹೋಗುವುದಿಲ್ಲ.
ಉಳಿದರೆ, ಉಸಿರಿನ ಸಣ್ಣ ಓಣಿಗಳು
ಒಂದೊಂದಾಗಿ ಮುಚ್ಚಿಕೊಳ್ಳಬಹುದು.
ಇಷ್ಟು ಬೇಗ ಏರಿದ್ದು ನೋಡಿದರೆ
ಮೈ ಇದನ್ನು ಮೊದಲೇ ಎಲ್ಲೋ ಕಂಡಿರಬೇಕು.
ಯಾವಾಗಲಾದರೂ ರಕ್ತ ಪಡೆದಿದ್ದಿರಾ? ಬಸುರಾಗಿದ್ದಿರಾ?

ಗೋಡೆಲಿವ ಕಿಟಕಿಯತ್ತ ತಿರುಗಿದಳು.
ಒಮ್ಮೆ, ಎಂದಳು.

ವೀರ್ಲೆ. ನಮ್ಮ ಮಾತಿನಲ್ಲಿ ಗರಿಯ ಸದ್ದಿರುವ ಹೆಸರು.
ಒಂಬತ್ತು ತಿಂಗಳು ಒದ್ದು, ಅಳದೆ ಹುಟ್ಟಿದವಳು.
ಮೂವತ್ತಾರು ವರ್ಷ ಆ ಹೆಸರನ್ನು
ನಾನೂ ಎತ್ತಲಿಲ್ಲ, ಅವಳೂ ಎತ್ತಲಿಲ್ಲ.
ನೆತ್ತರು ಎತ್ತಿತು.

ನನ್ನ ತೋಳಿನಿಂದಲೂ ಒಂದು ಸೀಸೆ ತೆಗೆದರು.
ಡಿಕ್ಯೂ ಏಳು ನನ್ನದೇ.
ನನ್ನಿಂದ ಮಗುವಿಗೆ, ಮಗುವಿನಿಂದ ಅವಳ ನೆನಪಿಗೆ;
ಈಗ ಹೆಸರಿಲ್ಲದ ಯಾರದೋ ಎದೆಯಲ್ಲಿ
ಅದೇ ಗುರುತು ಹೊತ್ತು ತಿರುಗಿ ಬಂದಿದೆ.
ನಲವತ್ತು ವರ್ಷ ಒಂದೇ ಹಾಸಿಗೆಯಲ್ಲಿ ಮಲಗಿದ್ದೇವೆ.
ಪಕ್ಕದಲ್ಲಿದ್ದರೆ ಅವಳ ಮೈಗೆ ನನ್ನ ಮೇಲೆ ದೂರಿಲ್ಲ.
ಒಳಗೆ ಬಂದರೆ ಮಾತ್ರ.

ಐದು ಸಲ ಯಂತ್ರಕ್ಕೆ ಕಟ್ಟಿದರು.
ನೆತ್ತರಿನ ಹಳದಿ ನೀರು ಬಸಿದು
ಬೇರೆಯವರದು ತುಂಬಿದರು.
ಮೂರನೆಯ ದಿನ, ಚೀಲ ಅರ್ಧ ತುಂಬಿದಾಗ, ಕೇಳಿದಳು:
ಎಲ್ಲ ಬಸಿದುಬಿಟ್ಟರೆ
ಅವಳ ಗುರುತು ಯಾರಿಗಿರುತ್ತದೆ?

ಡಾಕ್ಟರು ತಪ್ಪು ತಿಳಿದರು, ಅಥವಾ ಸರಿಯಾಗೇ ತಿಳಿದರು.
ಪ್ರತಿಕಾಯ ಬಸಿಯಬಹುದು, ಎಂದರು,
ಅದನ್ನು ಹೆಣೆಯುವ ಕಣ ಮೂಳೆಯ ಮಜ್ಜೆಯಲ್ಲಿ ಕೂತಿರುತ್ತದೆ;
ಅಲ್ಲಿಗೆ ನಮ್ಮ ಕೈ ಅಷ್ಟು ಸುಲಭಕ್ಕೆ ಹೋಗುವುದಿಲ್ಲ.
ಕೆಟ್ಟ ಸುದ್ದಿ. ನನ್ನ ಕಾಲು ತಣ್ಣಗಾಯಿತು.
ಗೋಡೆಲಿವ ನಕ್ಕಳು.

ಇವತ್ತು ಒಂದು ಪಾಯಿಂಟ್ ಎಂಟು ಬರೆದು ತಲೆಯೆತ್ತಿದರೆ
ಹಿತ್ತಲ ಮೇಲೆ ಒಂದು ಹಕ್ಕಿ ಸುತ್ತುತ್ತಿದೆ,
ಗೂಡಿಲ್ಲದ ಜಾಗವನ್ನು ಅಳೆಯುವಂತೆ.
ನೀಲಿ ಉಂಗುರ. ಲೀಯೆಜ್‌ನವನಿಗೆ ಮಾರಿದ್ದು.
ಕೊನೆಗೆ ಪಕ್ಕದ ಮನೆಯ ಹೊಗೆಗೂಡಿನ ಮೇಲೆ ಕೂತಿತು.
ಎದ್ದು ಕಿಟಕಿಯ ಚಿಲಕ ಬಿಗಿಮಾಡಿದೆ.
ಗಾಜಿನ ಹಿಂದಿನಿಂದ ಅವಳೂ ನೋಡಿದಳು, ಬಹಳ ಹೊತ್ತು.
ಇನ್ನೊಂದು ಸಲ ಊದುತ್ತೇನೆ, ಎಂದಳು.

ಒಂದು ಪಾಯಿಂಟ್ ಒಂಬತ್ತು.
ಬರೆದೆ. ಅದರ ಪಕ್ಕದಲ್ಲೇ, ಕೈಯ ರೂಢಿಗೆ,
ಹಕ್ಕಿ ಮನೆ ಮುಟ್ಟಿದ ವೇಳೆ:
ಏಳು ಗಂಟೆ ನಾಲ್ಕು ನಿಮಿಷ.